ಸಡಿಲವೆಂದು ಬರೆದ ಬಸ್ಸು

ಮಧುಗಿರಿಯ ಮುಸಾಫರಿ ಬಂಗಲೆಯ ಗೇಟು ದಾಟಿ ಒಳಕ್ಕೆ ಬಂದರೆ ಎಡಗಡೆ ಒಂದು ಹೊಂಗೆ ಮರವಿತ್ತು. ಅದರ ನೆರಳಿನಲ್ಲಿ, ಬಸ್ಸಿನ ಮುಂದಿನ ಎಡಗಾಲಿಯ ಪಕ್ಕ ನಾನು ನಿಂತಿದ್ದೆ. ಎರಡನೆಯ ಮಹಾಯುದ್ಧ ಶುರುವಾಗುವ ಹಿಂದಿನ ವರ್ಷ, ಯುಗಾದಿ ಕಳೆದ ಮೇಲೆ ಬಂದ ಎರಡನೆಯ ಸೋಮವಾರ, ಬೆಳಗಿನ ಹೊತ್ತು. ಬಿಸಿಲು ಆಗಲೇ ಏರಿ ಬೆಟ್ಟದ ಬಂಡೆಯ ಕಾವು ಊರಿನ ಮೇಲೆ ಇಳಿಯುತ್ತಿತ್ತು. ನಾನು ಆ ಬಸ್ಸಿನ ಡ್ರೈವರ್, ಹೆಸರು ಸಿದ್ದಲಿಂಗಯ್ಯ. ಮುಂದೆ ಬರೆಯುವುದರಲ್ಲಿ ಕಣ್ಣಾರೆ ಕಂಡದ್ದು ಯಾವುದು, ಇನ್ನೊಬ್ಬರ ಬಾಯಿಂದ ಕೇಳಿದ್ದು ಯಾವುದು ಎಂಬುದನ್ನು ಬೇರೆ ಬೇರೆಯಾಗಿಯೇ ಇಡುತ್ತೇನೆ.

ಇಷ್ಟು ವರ್ಷ ಸುಮ್ಮನಿದ್ದವನು ಈಗ ಬರೆಯುವುದಕ್ಕೆ ಕಾರಣವಿದೆ. ಹೋದ ತಿಂಗಳು ಮದುವೆಯೊಂದಕ್ಕೆ ಮಧುಗಿರಿಗೆ ಹೋಗಿದ್ದೆ. ಛತ್ರದ ಪಕ್ಕದಲ್ಲಿ ಹೊಸದಾಗಿ ಕಟ್ಟಿದ ಮನೆಯ ಬಾಗಿಲಿಗೆ ಯಾರೋ ಕುದಿಸಿದ ಅಗಸೆ ಎಣ್ಣೆ ಬಳಿಯುತ್ತಿದ್ದರು. ಆ ವಾಸನೆ ಊಟದ ಸಾಲಿನವರೆಗೂ ಬರುತ್ತಿತ್ತು. ಅದೇ ಹೊತ್ತಿಗೆ ಪಕ್ಕದೆಲೆಯಲ್ಲಿ ಕೂತಿದ್ದ ಹೆಣ್ಣಿನ ಕಡೆಯ ಹುಡುಗನೊಬ್ಬ, ಇಂಜಿನಿಯರನಂತೆ, ನಾನು ಹಳೆಯ ಕಾಲದ ಡ್ರೈವರ್ ಎಂದು ತಿಳಿದು ಬಹಳ ಗೌರವದಿಂದಲೇ ಒಂದು ಮಾತು ಹೇಳಿದ. ನಮ್ಮ ಸೀಮೆಯ ಜನಕ್ಕೆ ಯಂತ್ರದ ಬುದ್ಧಿ ಇರಲಿಲ್ಲ ತಾತ, ಅದಕ್ಕೇ ಮೋಟಾರು ಕೆಲಸ ಇಲ್ಲಿ ಬೇರು ಬಿಡಲಿಲ್ಲ ಎಂದ. ಮದುವೆ ಮನೆ ಎಂದು ಜಗಳಕ್ಕೆ ಹೋಗದೆ ಎಲೆ ಮಡಿಚಿ ಎದ್ದೆ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಹಾಗೆ ಕಲಿಸಿದವರ ಮೇಲೆ ಇದೆ.

ಶಿರಾ ರಸ್ತೆಯಲ್ಲಿ, ಊರು ಮುಗಿಯುವ ಕಡೆ ಕಾಳಾಚಾರರ ಷೆಡ್ಡು ಇತ್ತು. ಅವರ ತಾತ ಮುತ್ತಾತ ಎತ್ತಿನ ಗಾಡಿ ಮಾಡಿದವರು. ಪಾವಗಡದಿಂದ, ವೈ.ಎನ್. ಹೊಸಕೋಟೆಯಿಂದ ರೈಲಿಗೆ ಕಡಲೆಕಾಯಿ ಹೊರುವ ಗಾಡಿಗಳಲ್ಲಿ ಬಹಳಷ್ಟು ಅವರ ಮನೆಯ ಕೈಕೆಲಸ. ಲಾರಿಗಳು ಬಂದ ಮೇಲೆ ಗಾಡಿ ಕೇಳುವವರು ಕಡಮೆಯಾದರು. ಕಾಳಾಚಾರರು ಅಳುತ್ತ ಕೂರುವವರಲ್ಲ, ಮುಂಗೋಪಿ, ಜಂಬದ ಮನುಷ್ಯ. ಗಾಡಿಯ ಅನ್ನ ಕಿತ್ತುಕೊಂಡ ಮೋಟಾರೇ ಅನ್ನ ಕೊಡಬೇಕು ಎಂದು ಹಟ ಹಿಡಿದು ಬಸ್ಸಿನ ಬಾಡಿ ಕಟ್ಟಲು ಶುರುಮಾಡಿದರು. ಕಬ್ಬಿಣ ಮತ್ತು ತಗಡಿನ ಕೆಲಸಕ್ಕೆ ಶಿರಾದಿಂದ ಗಫೂರ್ ಸಾಬರು ಬಂದು ಪಾಲುದಾರರಾದರು. ಇಬ್ಬರೂ ದಿನವೆಲ್ಲ ಒಬ್ಬರನ್ನೊಬ್ಬರು ಹಂಗಿಸಿಕೊಂಡೇ ಕೆಲಸ ಮಾಡುತ್ತಿದ್ದರು. ಸಾಬರ ತಗಡಿಗೆ ಸೊಳ್ಳೆ ಕಚ್ಚಿದರೂ ತೂತು ಬೀಳುತ್ತದೆ ಎಂದು ಆಚಾರರು ಅಂದರೆ, ನಿಮ್ಮ ಮರದ ಹತ್ತಿರ ಬಂದ ಗೆದ್ದಲು ಸಲಾಮು ಹೊಡೆದು ಉಪವಾಸ ವಾಪಸು ಹೋಗುತ್ತದೆ ಎಂದು ಸಾಬರು ಅನ್ನುತ್ತಿದ್ದರು. ಆಚಾರರು ಅದನ್ನು ಬೈಗುಳವೆಂದು ತಿಳಿಯಬೇಕೋ ಹೊಗಳಿಕೆಯೆಂದು ತಿಳಿಯಬೇಕೋ ಗೊತ್ತಾಗದೆ ಬೀಡಿ ಹಚ್ಚುತ್ತಿದ್ದರು.

ಆಗ ಮೋಟಾರು ಬರುತ್ತಿದ್ದ ರೀತಿಯನ್ನು ಈಗಿನವರಿಗೆ ಹೇಳಬೇಕು. ಹೊರದೇಶದಿಂದ ಬರುತ್ತಿದ್ದುದು ಬರಿಯ ಚಾಸಿ. ಇಂಜಿನ್ನು, ಗಾಲಿಗಳು, ಎರಡು ಉದ್ದನೆಯ ಕಬ್ಬಿಣದ ತೊಲೆ, ಹಿಡಿಯುವುದಕ್ಕೆ ಸ್ಟೀರಿಂಗು, ಅಷ್ಟೆ. ಬೆಂಗಳೂರಿನ ಏಜೆಂಟರು ಅದನ್ನು ರೈಲಿನಲ್ಲಿ ತುಮಕೂರಿಗೆ ಕಳಿಸುತ್ತಿದ್ದರು. ತೊಲೆಯ ಮೇಲೆ ಸೀಮೆಎಣ್ಣೆ ಡಬ್ಬದ ಮರದ ಪೆಟ್ಟಿಗೆ ಕಟ್ಟಿಕೊಂಡು, ಅದರ ಮೇಲೆ ಕೂತು, ಮುಖಕ್ಕೆ ಟವೆಲು ಸುತ್ತಿಕೊಂಡು ನಾನು ಕೊರಟಗೆರೆಯ ಮೇಲೆ ಮಧುಗಿರಿಗೆ ಓಡಿಸಿಕೊಂಡು ಬರುತ್ತಿದ್ದೆ. ಕೊರಟಗೆರೆಯಲ್ಲಿ ನೀರು ಹಾಕಲು ನಿಲ್ಲಿಸಿದಾಗ ಒಬ್ಬ ಮುದುಕಿ ಬಂದು ಸುತ್ತಲೂ ನೋಡಿ ಕೇಳಿದಳು: "ಏನ್ಲಾ ಮಗ, ಬರೀ ಮೂಳೆ ಓಡಿಸ್ಕೊಂಡ್ ಹೋಯ್ತಿದೀಯ, ಮಾಂಸ ಎಲ್ಲಿ?"

"ಮಧುಗಿರೀಲಿ ಕಾಳಾಚಾರ್ರು ತುಂಬ್ತಾರೆ ಕಣಜ್ಜಿ" ಅಂದೆ.

ಆ ವರ್ಷ ಮಾಘ ಮಾಸದಲ್ಲಿ ನಾನು ತಂದ ಚಾಸಿ ಪಾವಗಡದ ನಾಗಿರೆಡ್ಡಿಯವರದು. ಅವರು ಕಡಲೆಕಾಯಿ ವ್ಯಾಪಾರದಿಂದ ಬಸ್ಸಿಗೆ ಬಂದವರು. ಪಾವಗಡದಿಂದ ಮಧುಗಿರಿಗೆ ಒಂದು, ಮಧುಗಿರಿಯಿಂದ ಶಿರಾಕ್ಕೆ ಒಂದು, ಮಳೆಗಾಲಕ್ಕೆ ಕೈಯಲ್ಲಿರಲಿ ಎಂದು ಮತ್ತೊಂದು, ಹೀಗೆ ಮೂರು ಬಸ್ಸು ಓಡಿಸಬೇಕೆಂದಿದ್ದರು. ಚಾಸಿ ಷೆಡ್ಡಿಗೆ ಬಂದ ದಿನ ಅವರೂ ಬಂದರು. ತೆಲುಗು ಕನ್ನಡ ಕಲಸಿದ ಅವರ ಮಾತು ನನಗೆ ಇನ್ನೂ ಕಿವಿಯಲ್ಲಿದೆ.

"ಏಮಯ್ಯಾ ಆಚಾರಿ, ಬಾಡಿ ಸಮೇತ ತಗೊಂಡ್ರೆ ಕಂತಿಗೆ ಕೊಡ್ತೀವಿ ಅಂಟಾರು ಏಜೆಂಟ್ರು. ಬರೀ ಚಾಸಿ ಬೇಕು ಅಂದ್ರೆ ಪೂರಾ ದುಡ್ಡು ಮುಂದೆ ಇಡಬೇಕಂಟ. ಆದ್ರೂ ನಿನ್ನ ನಂಬಿ ತಂದೆ ಚೂಡು. ಇದೊಂದು ಪಾಸಾಗ್ಲಿ, ಇಂಕಾ ರೆಂಡು ಬಂಡ್ಲು, ಇನ್ನೆರಡು ಬಸ್ಸೂ ನಿಂಗೇ. ಪಾಸಾಗ್ಲಿಲ್ವ, ನಾನು ಅವರ ಹತ್ರಾನೇ ಹೋಗ್ಬೇಕು. ಆಮೇಲೆ ಬೇಜಾರು ಮಾಡ್ಕೋಬೇಡ."

ಇದರಲ್ಲಿ ಎಲ್ಲವೂ ಇತ್ತು. ಹಿಂದೆ ಬಾಡಿ ಕಟ್ಟಿಸಲು ಬರುತ್ತಿದ್ದ ಬಸ್ಸಿನವರು ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟಿದ್ದರು. ಏಜೆಂಟರು ಬೆಂಗಳೂರಿನಲ್ಲಿ ತಾವೇ ಬಾಡಿ ಕಟ್ಟುವ ಕಾರ್ಖಾನೆ ಇಟ್ಟಿದ್ದರು. ಅವರಿಗೆ ತಗಡು ವ್ಯಾಗನ್ನಿನಲ್ಲಿ ಬರುತ್ತಿತ್ತು, ಗಫೂರ್ ಸಾಬರು ಅದೇ ತಗಡನ್ನು ತುಮಕೂರಿನ ಅಂಗಡಿಯಲ್ಲಿ ಮೂರನೆಯ ಕೈಯಿಂದ ಕೊಳ್ಳಬೇಕಿತ್ತು. ಚಾಸಿಯಲ್ಲಿ ಬರುವ ಲಾಭದಿಂದ ಬಾಡಿಯ ನಷ್ಟವನ್ನು ತುಂಬಿಕೊಳ್ಳುವುದು ಅವರಿಗೆ ಸಾಧ್ಯವಿತ್ತು. ನಮ್ಮವರಿಗೆ ಚಾಸಿಯೇ ಇಲ್ಲ. ಬಾಡಿಯೊಂದನ್ನು ಅಗ್ಗವಾಗಿ ಕೊಟ್ಟು, ಕಂತಿನ ಆಸೆ ತೋರಿಸಿ, ಊರೂರಿನ ಷೆಡ್ಡು ಮುಚ್ಚುವವರೆಗೆ ಕಾದರೆ ಸಾಕು. ಆಮೇಲೆ ಅವರು ಹೇಳಿದ್ದೇ ಬೆಲೆ. ಇದು ಬುದ್ಧಿಯ ಸೋಲಲ್ಲ. ಒಬ್ಬನ ಕೈಯಲ್ಲಿ ಬಾವಿಯೂ ಹಗ್ಗವೂ ಎರಡೂ ಇದ್ದರೆ, ಇನ್ನೊಬ್ಬ ಎಷ್ಟು ಚೆಂದದ ಕೊಡ ಮಾಡಿದರೇನು? ನನಗೆ ಇದೆಲ್ಲ ಆಗ ಇಷ್ಟು ಬಿಡಿಸಿ ಗೊತ್ತಿರಲಿಲ್ಲ. ನಾಗಿರೆಡ್ಡಿಯವರ ಈ ಬಸ್ಸು ಸರ್ಕಾರದ ತಪಾಸಣೆಯಲ್ಲಿ ಪಾಸಾದರೆ ಷೆಡ್ಡು ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ ಎಂಬುದಷ್ಟು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಮಾಘದಿಂದ ಯುಗಾದಿಯವರೆಗೆ ಕೆಲಸ ನಡೆಯಿತು. ಅಡಿಯ ತೊಲೆಗಳಿಗೆ ಜಾಲಿ, ಕಂಬಗಳಿಗೆ ಹೊನ್ನೆ. ಆ ಜಾಲಿ ದಿಮ್ಮಿಗಳನ್ನು ಹಿಂದಿನ ವರ್ಷವೇ ಕಳ್ಳಂಬೆಳ್ಳದ ಕೆರೆಯ ಕೆಸರಿನಲ್ಲಿ ಹೂತಿಟ್ಟು, ನೀರು ಇಳಿದ ಮೇಲೆ ತೆಗೆದು ನೆರಳಿನಲ್ಲಿ ಒಣಗಿಸಿದ್ದರು. ಗಾಡಿಯವರ ಪದ್ಧತಿ ಅದು, ಹಾಗೆ ಮಾಡಿದ ಮರಕ್ಕೆ ಹುಳ ಬೀಳುವುದಿಲ್ಲ. ಮರದೊಳಗೆ ಮರ ಕೂರಿಸಿ, ಮರದ ಮೊಳೆಯನ್ನೇ ಹೊಡೆದು ಬಿಗಿದ ಕೀಲುಗಳು. ಅದರ ಮೇಲೆ ಸಾಬರ ಕಬ್ಬಿಣದ ಪಟ್ಟಿ, ತಗಡು. ಚಾವಣಿಗೆ ಕಿತ್ತಾನು ಬಟ್ಟೆ ಎಳೆದು ಕುದಿಸಿದ ಅಗಸೆ ಎಣ್ಣೆ ಬಳಿದರು. ಒಂದು ಕೈ ಆಗಿತ್ತು. ಪಾಸಾಗಿ ಬಂದ ಮೇಲೆ ಇನ್ನೆರಡು ಕೈ ಬಳಿಯುವುದೆಂದು ಬಿಟ್ಟಿದ್ದರು, ತಪಾಸಣೆಯವರು ಚಾವಣಿಯ ಪಟ್ಟಿಗಳನ್ನು ಬಿಚ್ಚಿಸಿ ನೋಡುವುದುಂಟು ಎಂದು.

ಈಗ ಆ ಮನೆಯ ಕಟ್ಟಳೆಯನ್ನು ಹೇಳಬೇಕು, ಏಕೆಂದರೆ ಎಲ್ಲವೂ ಅದರ ಮೇಲೆ ನಿಂತಿತು. ಕಾಳಾಚಾರರ ಮನೆತನದಲ್ಲಿ ಹೊಸ ಗಾಡಿ ಮಾಡಿದರೆ ಅದರ ಮೊದಲ ಹೊರೆ ಮಾಡಿದವನ ಮನೆಯವರೇ ಆಗಬೇಕು. ತಾಯಿ, ಹೆಂಡತಿ, ಮಕ್ಕಳು ಕೂತು ಊರ ಮುಂದಿನ ಮಾರಮ್ಮನ ಗುಡಿಯವರೆಗೆ ಹೋಗಿ ಬರಬೇಕು. ತನ್ನ ಮಕ್ಕಳನ್ನು ಕೂರಿಸಲು ಹೆದರುವವನು ಬೇರೆಯವರ ಮಕ್ಕಳನ್ನು ಕೂರಿಸುವ ವಸ್ತು ಮಾಡಬಾರದು ಎಂಬುದು ಅದರ ಅರ್ಥ. ಬಸ್ಸಿಗೂ ಅದನ್ನೇ ನಡೆಸಿಕೊಂಡು ಬಂದಿದ್ದರು. ಹಿಂದಿನ ಬಸ್ಸುಗಳು ತುಮಕೂರಿಗೆ ಹೋಗಿ ಪಾಸಾಗಿ ಬರುತ್ತಿದ್ದುದರಿಂದ ಮನೆಯವರು ಆಮೇಲೆ ಕೂರುತ್ತಿದ್ದರು. ಈ ಸಲ ತಪಾಸಣೆಯ ಸಾಹೇಬರೇ ಮಧುಗಿರಿಯಲ್ಲಿ ಮೊಕ್ಕಾಂ ಮಾಡಿದ್ದರು.

ತಪಾಸಣೆಯ ಹಿಂದಿನ ದಿನ ಏಜೆಂಟರ ಕಡೆಯವರೊಬ್ಬರು ಷೆಡ್ಡಿಗೆ ಬಂದರು. ಅವರ ಹೆಸರು ನಾನು ಕೇಳಲಿಲ್ಲ. ಬಿಳಿ ದೊರೆಗಳ ಹಾಗೆ ಬಿಸಿಲಿಗೆ ಸೋಲಾ ಟೋಪಿ ಹಾಕಿದ್ದರು. ಕಂಬಗಳನ್ನು ಬೆರಳಿನಿಂದ ತಟ್ಟಿ ನೋಡಿ, ಚೆನ್ನಾಗಿದೆ ಎಂದರು. ಅಷ್ಟನ್ನು ನಾನು ಕೇಳಿದೆ. ಆಮೇಲೆ ನಾನು ಗ್ರೀಸು ತರಲು ಪೇಟೆಗೆ ಹೋದೆ. ಗಫೂರ್ ಸಾಬರು ಹೇಳಿದ ಪ್ರಕಾರ, ಟೋಪಿಯವರು ಕಟ್ಟಳೆಯ ವಿಷಯ ಕೇಳಿ ನಕ್ಕು, ನಾಳೆ ಹಾಗೇ ಕೂರಿಸಿಕೊಂಡು ಬನ್ನಿ, ಸಾಹೇಬರಿಗೂ ನಿಮ್ಮ ಧೈರ್ಯ ಗೊತ್ತಾಗಲಿ ಎಂದರಂತೆ. ಇದು ಸಾಬರು ಹೇಳಿದ್ದು. ಸಾಬರು ಸುಳ್ಳು ಹೇಳುವವರಲ್ಲ. ಆದರೆ ನಾನು ಅಲ್ಲಿರಲಿಲ್ಲ.

ಸೋಮವಾರ ಬೆಳಿಗ್ಗೆ ಬಸ್ಸಿನ ಹಣೆಗೆ ಹೂವು ಕಟ್ಟಿ ಹೊರಟೆವು. ಮುಂದಿನ ಸೀಟಿನಲ್ಲಿ ಆಚಾರರ ತಾಯಿ, ಪಕ್ಕದಲ್ಲಿ ಅವರ ಮಗಳು ಭದ್ರಮ್ಮ, ಹಿಂದೆ ಹೆಂಡತಿ ಮತ್ತು ಚಿಕ್ಕವರು. ಕೊನೆಯ ಸೀಟಿನಲ್ಲಿ ಗಫೂರ್ ಸಾಬರ ಹೆಂಡತಿ ಜೈನಬ್ ಬೀ, ಕಿಟಕಿಗೆ ಪರದೆ ಕಟ್ಟಿಕೊಂಡು. ಷೆಡ್ಡಿನಿಂದ ಬಂಗಲೆಗೆ ದೂರವಿರಲಿಲ್ಲ. ಪೇಟೆಯವರು ಅಂಗಡಿಯಿಂದ ಎದ್ದು ನಿಂತು ನೋಡಿದರು. ಬಂಗಲೆಯ ಮುಂದೆ ಭಾರದ ಪರೀಕ್ಷೆಗೆಂದು ಮರಳಿನ ಚೀಲಗಳನ್ನು ಜೋಡಿಸಿಟ್ಟಿದ್ದರು. ಸಾಹೇಬರು ಜಗಲಿಯಿಂದ ಇಳಿದು ಬಂದರು. ಟೋಪಿಯವರು ಜಗಲಿಯ ಮೇಲೆಯೇ ಕುರ್ಚಿಯಲ್ಲಿ ಕೂತಿದ್ದರು.

"ಇವರೆಲ್ಲ ಯಾರು?" ಸಾಹೇಬರು ಕೇಳಿದರು.

"ನಮ್ಮನೆಯೋರು ಬುದ್ಧಿ" ಎಂದರು ಆಚಾರರು. "ಮಾಡ್ದೋರ ಮನೆಯೋರು ಮೊದ್ಲು ಕೂರ್ಬೇಕು. ನಮ್ ಕಟ್ಲೆ ಅದು."

"ಎಲ್ಲಿಂದ ಕೂರಿಸಿಕೊಂಡು ಬಂದಿರಿ?"

"ಷೆಡ್ಡಿಂದ."

"ರಸ್ತೆಯ ಮೇಲೆ?"

ಆ ಪ್ರಶ್ನೆ ಎಲ್ಲಿಗೆ ಹೋಗುತ್ತಿದೆ ಎಂದು ನನಗೆ ಅರ್ಥವಾಯಿತು. ಆಚಾರರಿಗೆ ಆಗಲಿಲ್ಲ. ಎದೆಯುಬ್ಬಿಸಿ ಹೇಳಿದರು: "ರಸ್ತೆ ಮೇಲೇ ಬುದ್ಧಿ. ಪೇಟೆ ಕಲ್ಲು ಗುಂಡಿ ಎಲ್ಲಾ ದಾಟಿ ಬಂತು. ಒಂದು ಕೀಲು ಕಿರ್ ಅನ್ಲಿಲ್ಲ."

ಸಾಹೇಬರು ಗುಮಾಸ್ತನ ಕಡೆ ತಿರುಗಿದರು. ಪಾಸಾಗದ ವಾಹನದಲ್ಲಿ ಸಾರ್ವಜನಿಕ ರಸ್ತೆಯ ಮೇಲೆ ಜನರನ್ನು ಸಾಗಿಸಿದ್ದಾರೆ, ವಾಹನ ಜಪ್ತಿ, ಡ್ರೈವರನ ಲೈಸೆನ್ಸು ವಶಕ್ಕೆ ಎಂದು ಬರೆಸಿದರು. ಮೊದಲೇ ಬಂದು ಬಂಗಲೆಯ ಹತ್ತಿರ ಕಾದಿದ್ದ ನಾಗಿರೆಡ್ಡಿಯವರು ಕೈಮುಗಿದು, ಮರಳು ತುಂಬಿ ನೋಡಿಬಿಡಿ ಎಂದು ಬೇಡಿದರು. ಜಪ್ತಿಯಾದ ಮಾಲಿಗೆ ಪರೀಕ್ಷೆ ಇಲ್ಲ ಎಂದು ಉತ್ತರ ಬಂತು. ಆಮೇಲೆ ಸಾಹೇಬರು ಬಾಗಿಲ ಪಕ್ಕದ ಕಂಬವನ್ನು ಒಂದು ಕೈಯಲ್ಲಿ ಹಿಡಿದು ಒಂದೇ ಸಲ ಜಗ್ಗಿದರು. ಅದು ಅಲ್ಲಾಡಲಿಲ್ಲ. ನಾನು ಅವರಿಂದ ಎರಡು ಮಾರು ದೂರದಲ್ಲಿದ್ದೆ, ಕಂಬದ ಮೇಲೆಯೇ ಕಣ್ಣಿಟ್ಟಿದ್ದೆ. ಅಲ್ಲಾಡಲಿಲ್ಲ. "ಮೈಕಟ್ಟು ಸಡಿಲ. ಭಾರ ತಡೆಯುವ ಖಾತರಿ ಇಲ್ಲ. ಬರೆದುಕೋ" ಎಂದರು. ಗುಮಾಸ್ತ ಬರೆದುಕೊಂಡ.

ಹೆಂಗಸರಿಗೆ ಇಳಿಯುವಂತೆ ಸಾಹೇಬರ ಜೊತೆಗಿದ್ದ ಪೊಲೀಸಿನವನು ಹೇಳಿದ. ಆಚಾರರ ತಾಯಿಗೆ ಮಂಡಿ ನೋವು, ಬೇಗ ಇಳಿಯಲಾಗಲಿಲ್ಲ. ಮೊಮ್ಮಗಳ ಭುಜ ಹಿಡಿದು ಮೆಟ್ಟಿಲ ಮೇಲೆ ನಿಂತು, "ಯಾಕ್ಲಾ ಇಳೀರಿ ಅಂತಾರೆ? ಇನ್ನೂ ಎಲ್ಗೂ ಹೋಗೇ ಇಲ್ವಲ್ಲ" ಎಂದು ಮಗನನ್ನು ಕೇಳಿದರು. ಆಚಾರರು ತಾಯಿಯನ್ನು ಎತ್ತಿ ಇಳಿಸಿದರು.

ಬಸ್ಸನ್ನು ತಾಲ್ಲೂಕು ಕಚೇರಿಯ ಹಿಂದಿನ ಅಂಗಳದಲ್ಲಿ ನಿಲ್ಲಿಸಿದರು. ನನಗೆ ಲೈಸೆನ್ಸು ಇಲ್ಲ, ಕೆಲಸವೂ ಇಲ್ಲ. ಅಲ್ಲಿ ಇಲ್ಲಿ ಕೂಲಿ ಮಾಡಿಕೊಂಡು ಆ ಬೇಸಿಗೆ, ಆ ಮುಂಗಾರು ಎಲ್ಲವನ್ನೂ ಷೆಡ್ಡಿನಲ್ಲಿ ಕಳೆದೆ. ವೈಶಾಖದ ಬಿಸಿಲಿಗೆ ಬಸ್ಸಿನ ಹೂವು ಒಣಗಿ ಉದುರಿತು. ಆಷಾಢದ ಗಾಳಿ ಎದ್ದಿತು. ನಮ್ಮ ಕಡೆಯ ಆಷಾಢದ ಗಾಳಿ ಕಂಡವರಿಗೆ ಗೊತ್ತು, ಮಳೆಯನ್ನು ಹೊತ್ತುಕೊಂಡು ಹೋಗಿ ಧೂಳನ್ನು ಬಿಟ್ಟು ಹೋಗುವ ಗಾಳಿ. ಒಂದು ಕೈ ಎಣ್ಣೆ ಮಾತ್ರ ಕಂಡಿದ್ದ ಚಾವಣಿಯ ಬಟ್ಟೆ ಪಟಪಟ ಬಡಿಯುವುದು ಗೋಡೆಯ ಆಚೆಯಿಂದಲೇ ಕೇಳಿಸುತ್ತಿತ್ತು. ಕಾಳಾಚಾರರು ಎಣ್ಣೆಯ ಡಬ್ಬ, ಬ್ರಷು ಹಿಡಿದು ಹೋಗಿ, ಮಳೆ ಬೀಳುವ ಮುಂಚೆ ಇನ್ನೊಂದು ಕೈ ಬಳಿಯಲು ಬಿಡಿ ಎಂದು ಕೇಳಿದರು. ಜಪ್ತಿ ಮಾಲು ಮುಟ್ಟುವಂತಿಲ್ಲ ಎಂದರು. ಮಾರನೆಯ ದಿನ ಮತ್ತೆ ಹೋದರು. ಆಮೇಲೂ ಹೋದರು. ಎಂದೂ ಯಾರ ಮುಂದೆಯೂ ಬಗ್ಗದವರು ಅಲ್ಲಿಯ ಜವಾನನಿಗೆ ಅಣ್ಣಾ ಅಪ್ಪಾ ಎನ್ನುವುದನ್ನು ನಾನು ಕಂಡೆ. ಮಳೆ ಬಂತು. ಚಾವಣಿ ಸೋರಿ ಸೀಟಿನ ತೆಂಗಿನ ನಾರು ನೆನೆದು ನಾತ ಹಿಡಿಯಿತು. ಮರಕ್ಕೆ ಏನೂ ಆಗಲಿಲ್ಲ.

ನಾಗಿರೆಡ್ಡಿಯವರು ಅರ್ಜಿ ಮೇಲೆ ಅರ್ಜಿ ಕೊಟ್ಟರು. ದಂಡ ಕಟ್ಟುತ್ತೇವೆ, ಪರೀಕ್ಷೆ ಮಾಡಿ ಎಂದರು. ಉತ್ತರವಿಲ್ಲ. ಇನ್ನು ಬಸ್ಸು ಓಡಿಸದೇ ಹೋದರೆ ಪಾವಗಡದ ದಾರಿಯ ಪರ್ಮಿಟ್ಟು ಬೇರೆಯವರಿಗೆ ಹೋಗುತ್ತದೆ ಎಂಬ ಸುದ್ದಿ ಬಂತು. ಅವರು ಷೆಡ್ಡಿಗೆ ಬಂದು ಬಾಗಿಲಲ್ಲೇ ನಿಂತು, "ನೇನೇಮಿ ಚೇಸೇದಿ ಆಚಾರಿ, ನಾನೇನು ಮಾಡ್ಲಿ" ಎಂದರು. ಬೆಂಗಳೂರಿಗೆ ಹೋದರು. ಅವರ ಮೇಲೂ ನನಗೆ ಸಿಟ್ಟಿಲ್ಲ. ಯುಗಾದಿಯಿಂದ ಆಷಾಢದವರೆಗೆ ಕಚೇರಿಯಲ್ಲಿ ಕದಲದೆ ಕೂತಿದ್ದ ಕಾಗದ, ಅವರು ಏಜೆಂಟರ ಬಾಗಿಲಿಗೆ ಹೋದ ವಾರದಲ್ಲೇ ಕದಲಿತು. ಯಾರು ಯಾರಿಗೆ ಏನು ಹೇಳಿದರೋ ನಾನು ಕಂಡಿಲ್ಲ. ಎಷ್ಟು ದಿನ ಕೂತಿತ್ತು, ಯಾವಾಗ ಎದ್ದಿತು, ಅದನ್ನು ಮಾತ್ರ ಕಂಡಿದ್ದೇನೆ. ಚಾಸಿಯನ್ನು ಬಿಟ್ಟುಕೊಡಬಹುದು, ಈಗಿರುವ ಬಾಡಿಯನ್ನು ಒಡೆದು ತೆಗೆಯಬೇಕು, ಒಪ್ಪಿಗೆ ಪಡೆದ ಕಾರ್ಖಾನೆಯ ಬಾಡಿ ಕೂರಿಸಬೇಕು. ಅದು ಆರ್ಡರು. ಅಂಥ ಒಪ್ಪಿಗೆ ಪಡೆದ ಕಾರ್ಖಾನೆ ಒಂದೇ ಒಂದು ಇತ್ತು.

ಶ್ರಾವಣದ ಮೊದಲಲ್ಲಿ ಟೋಪಿಯವರು ಕೂಲಿಗಳನ್ನು ಕರೆದುಕೊಂಡು ಬಂದರು. ಕೊಡಲಿ, ಗರಗಸ ತಂದಿದ್ದರು. ಆ ದಿನ ಅಂಗಳದ ಬಾಗಿಲು ತೆರೆದಿತ್ತು. ಯಾರೂ ನಮ್ಮನ್ನು ತಡೆಯಲಿಲ್ಲ. ನಾನು ಬಾವಿಯ ಕಟ್ಟೆಯ ಹತ್ತಿರ ನಿಂತೆ. ಕಾಳಾಚಾರರು, ಕೀಲು ಬಿಚ್ಚಿ ಕೊಡುತ್ತೇನೆ, ಮರವಾದರೂ ಉಳಿಯುತ್ತದೆ, ಬಾಗಿಲಿಗೋ ತೊಟ್ಟಿಲಿಗೋ ಆಗುತ್ತದೆ ಎಂದು ಕೇಳಿದರು. ಒಡೆಯುವುದು ಎಂದು ಆರ್ಡರಿನಲ್ಲಿದೆ, ಬಿಚ್ಚುವುದು ಎಂದು ಇಲ್ಲ ಎಂದರು ಟೋಪಿಯವರು.

ಬೆಳಿಗ್ಗೆ ಶುರುಮಾಡಿದರು. ತಗಡು ಬೇಗ ಬಂತು. ಸೀಟುಗಳು ಬಂದವು. ಕಂಬಗಳು ಬರಲಿಲ್ಲ. ಕೊಡಲಿ ಬಿದ್ದ ಕಡೆ ಸಣ್ಣ ಚೂರು ಹಾರುತ್ತಿತ್ತು, ಅಷ್ಟೆ. ನೆತ್ತಿಗೆ ಬಿಸಿಲು ಬಂದರೂ ನಾಲ್ಕು ಮೂಲೆಯ ಕಂಬಗಳು ನಿಂತೇ ಇದ್ದವು. ಒಬ್ಬನ ಕೊಡಲಿಯ ಕಾವು ಮುರಿಯಿತು. ಇನ್ನೊಬ್ಬ, ಕಳ್ಳಂಬೆಳ್ಳದ ಕಡೆಯ ಹನುಮಂತ ಎಂಬ ಪ್ರಾಯದವನು, ಅಂಗೈ ಬೊಬ್ಬೆ ಒಡೆದು ರಕ್ತ ಬಂದು ಬಟ್ಟೆ ಸುತ್ತಿಕೊಂಡು ಹೊಡೆಯುತ್ತಿದ್ದ. ಗಫೂರ್ ಸಾಬರು ಮೊದಲು ಗಟ್ಟಿಯಾಗಿ ನಕ್ಕರು. "ಸಡಿಲ ಐತಂತೆ ಕಣಪ್ಪ, ನಿಧಾನಕ್ಕೆ ಹೊಡಿ, ಮೈಮೇಲೆ ಬಿದ್ದೀತು" ಎಂದು ಟೋಪಿಯವರಿಗೆ ಕೇಳುವಂತೆ ಹೇಳಿದರು. ಸ್ವಲ್ಪ ಹೊತ್ತಿನ ಮೇಲೆ ಸಾಬರ ನಗು ನಿಂತುಹೋಯಿತು. ಗೋಡೆಗೆ ಮುಖ ಮಾಡಿ ಕೂತರು.

ಕಾಳಾಚಾರರು ಬಹಳ ಹೊತ್ತು ನೋಡುತ್ತಿದ್ದರು. ಆಮೇಲೆ ಹನುಮಂತನ ಹತ್ತಿರ ಹೋದರು. ನಾನು ಅವರು ಜಗಳಕ್ಕೆ ಹೋದರು ಎಂದು ಹಿಂದೆಯೇ ಓಡಿದೆ. ಅವರು ಅವನ ಕೈ ಹಿಡಿದು ಬೊಬ್ಬೆ ನೋಡಿದರು.

"ಅಲ್ಲಿ ಹೊಡೀಬ್ಯಾಡ ಕಣ್ಲಾ" ಎಂದರು. "ಅಲ್ಲಿ ಮೂರು ಮರ ಸೇರ್ತವೆ. ನಾಳೆಗಂಟ ಹೊಡದ್ರೂ ಬುಡಾಕಿಲ್ಲ. ಇಲ್ಲಿ, ಕೆಳಗೆ, ಮೊಳೆ ತಲೆ ಐತೆ ನೋಡು. ಇಲ್ಲಿ ಹೊಡಿ."

ಬೆರಳಿಟ್ಟು ತೋರಿಸಿದರು. ಒಂದು ಮೂಲೆ ಮುಗಿದ ಮೇಲೆ ಇನ್ನೊಂದು ಮೂಲೆಗೆ ಹೋಗಿ ಅಲ್ಲಿಯೂ ತೋರಿಸಿದರು. ಸೂರ್ಯ ಮುಳುಗುವ ಹೊತ್ತಿಗೆ ಬಸ್ಸು ನೆಲದ ಮೇಲಿತ್ತು. ನಾನು ಅಪ್ಪ ಸತ್ತಾಗ ಅತ್ತವನಲ್ಲ, ಆ ದಿನ ಬಾವಿಕಟ್ಟೆ ಹಿಡಿದುಕೊಂಡು ಅತ್ತೆ. ಮುರಿದ ಮರವನ್ನು ಕಚೇರಿಯವರು ಸೌದೆಯೆಂದು ಹರಾಜು ಹಾಕಿದರು. ಹೋಟೆಲಿನವನೊಬ್ಬ ಕೊಂಡ. ಒಲೆಗೆ ಹತ್ತುವುದು ಕಷ್ಟ, ಹತ್ತಿದರೆ ಆರುವುದಿಲ್ಲ ಎಂದು ಅವನು ಹೇಳುತ್ತಿದ್ದ.

ಷೆಡ್ಡು ದೀಪಾವಳಿಗೆ ಮುಚ್ಚಿತು. ಅಲ್ಲಿ ಕೆಲಸ ಕಲಿತವರು ಬೆಂಗಳೂರಿಗೆ ಹೋಗಿ ಅದೇ ಏಜೆಂಟರ ಕಾರ್ಖಾನೆಯಲ್ಲಿ ದಿನಗೂಲಿಗೆ ಸೇರಿದರು. ಯಂತ್ರದ ಬುದ್ಧಿ ಇಲ್ಲದವರನ್ನು ಅವರು ಯಾಕೆ ಸೇರಿಸಿಕೊಂಡರೋ ಯಾರೂ ಕೇಳುವುದಿಲ್ಲ. ಗಫೂರ್ ಸಾಬರು ಶಿರಾಕ್ಕೆ ಹೋಗಿ ಟ್ರಂಕು ಮಾಡಿದರು. ಕಾಳಾಚಾರರು ಬಾಗಿಲು, ನೇಗಿಲು ಮಾಡಿದರು, ಗಾಲಿಯಿರುವ ಯಾವುದನ್ನೂ ಮತ್ತೆ ಮುಟ್ಟಲಿಲ್ಲ. ಯುದ್ಧ ಬಂದು ಹಡಗು ನಿಂತಿತು, ಚಾಸಿ ನಿಂತಿತು. ಕಂತಿನ ಮಾತೂ ನಿಂತಿತು, ಬಾಡಿಯ ಬೆಲೆ ಏರಿತು. ನಾಗಿರೆಡ್ಡಿಯವರ ಬಸ್ಸಿನ ಕಾರ್ಖಾನೆ ಬಾಡಿ ಪಾವಗಡದ ಗುಂಡಿಗಳಲ್ಲಿ ಬಾಯಿ ಬಿಟ್ಟಾಗ ರಿಪೇರಿ ಮಾಡುವ ಷೆಡ್ಡು ನಾಲ್ಕು ತಾಲ್ಲೂಕಿನಲ್ಲಿ ಇರಲಿಲ್ಲ. ಲೈಸೆನ್ಸು ವಾಪಸು ಬಂದ ಮೇಲೆ ಅದನ್ನು ಹಗ್ಗದಲ್ಲಿ ಬಿಗಿದು ಓಡಿಸಿದವನು ನಾನೇ.

ಆ ವರ್ಷಗಳಲ್ಲೇ, ನಮ್ಮ ಸಂಸ್ಥಾನದಲ್ಲಿ ಮೋಟಾರು ಕಾರು ಮಾಡುವ ಕಾರ್ಖಾನೆ ಕಟ್ಟಬೇಕೆಂದು ದೊಡ್ಡವರು ಯತ್ನಿಸುತ್ತಿದ್ದಾರೆ, ಮೇಲಿನ ಬಿಳಿಯರ ಸರ್ಕಾರ ಒಪ್ಪುತ್ತಿಲ್ಲ ಎಂದು ಪತ್ರಿಕೆಯಲ್ಲಿ ಬರುತ್ತಿತ್ತು. ನಾನು ಅದನ್ನು ಆಚಾರರಿಗೆ ಓದಿ ಹೇಳಿದೆ. ಅವರು ಉಳಿ ಮಸೆಯುತ್ತಿದ್ದರು. "ನಮ್ಗೆ ಮಾಡಿದ್ದನ್ನೇ ಅವ್ರಿಗೂ ಮಾಡವ್ರೆ ಬುಡು" ಎಂದು ಮಸೆಯುವುದನ್ನು ಮುಂದುವರಿಸಿದರು.

ಅವರು ತೀರಿಕೊಂಡು ಬಹಳ ವರ್ಷವಾಯಿತು. ಗಫೂರ್ ಸಾಬರೂ ಇಲ್ಲ, ನಾಗಿರೆಡ್ಡಿಯವರೂ ಇಲ್ಲ. ಬಂಗಲೆಯ ಮುಂದೆ ಆ ಸೋಮವಾರ ಇದ್ದವರಲ್ಲಿ ಕಾಳಾಚಾರರ ಮಗಳು ಭದ್ರಮ್ಮ ಕೊರಟಗೆರೆಯಲ್ಲಿದ್ದಾಳೆ, ಸಾಹೇಬರು ಹಿಡಿದ ಕಂಬ ಅವಳ ಸೀಟಿನ ಮುಂದಿನದು. ಜೈನಬ್ ಬೀ ಶಿರಾದಲ್ಲಿದ್ದಾರೆ, ಕಣ್ಣು ಕಾಣದು, ಕಿವಿ ಚುರುಕಾಗಿದೆ, ಬರೆಸಿದ ಮಾತನ್ನು ಪರದೆಯ ಹಿಂದಿನಿಂದ ಅವರೂ ಕೇಳಿದ್ದಾರೆ. ತಾಲ್ಲೂಕು ಕಚೇರಿಯ ಅಂಗಳದಲ್ಲಿ ಇದ್ದವರ ಪೈಕಿ ಆಗಿನ ಹನುಮಂತ, ಈಗಿನ ಹನುಮಂತಯ್ಯ, ಕಳ್ಳಂಬೆಳ್ಳದಲ್ಲಿದ್ದಾನೆ, ಮೊಮ್ಮಕ್ಕಳನ್ನು ಕಂಡವನು. ಅನುಮಾನವಿರುವವರು ಅವನನ್ನು ಕೇಳಬಹುದು. ಆ ಬಸ್ಸು ಸಡಿಲವಾಗಿತ್ತೇ ಎಂದು ಹೇಳಬಲ್ಲವನು ಅವನೊಬ್ಬನೇ. ಅದನ್ನು ಒಡೆದವನು ಅವನು.